ಲಾರಿ ಹತ್ತಿಹೋದ ಅಣಕು

ಕುರುಗೋಡಿನ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹುಡುಗಿಯರ ಅಪ್ಪಂದಿರು ಕಾಲಿಡುತ್ತಿದ್ದದ್ದು ಒಂದೇ ಕಾರಣಕ್ಕೆ. ಮಗಳಿಗೆ ಗಂಡು ಗೊತ್ತಾಗಿದೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಹೋಗುವುದಕ್ಕೆ. ಆ ಮಧ್ಯಾಹ್ನ ಬಂದ ಕಿರಾಣಿ ಅಂಗಡಿಯವರು ಮಾತ್ರ ಆಗಲೇ ಮದುವೆ ಮಾಡಿಕೊಟ್ಟಿದ್ದ ಮಗಳನ್ನು ಜೊತೆಗೆ ಕರೆದುಕೊಂಡೇ ಬಂದಿದ್ದರು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಪಾಠಕ್ಕೆ ಬರುತ್ತಿದ್ದಾಗ ಊರಲ್ಲಿ ಅವಳು ಅಣಕು ಮಾಡದ ಮನುಷ್ಯರಿರಲಿಲ್ಲ. ಕರೆಂಟು ಹೋದಾಗ ನಾನು ಹಣೆ ಚಚ್ಚಿಕೊಳ್ಳುವುದನ್ನು ನನ್ನೆದುರೇ ಮಾಡಿ ತೋರಿಸಿ ಬೈಸಿಕೊಂಡವಳು. ಈಗ ಸೆರಗು ಹೊದ್ದು ಬಾಗಿಲಲ್ಲೇ ನಿಂತಿದ್ದಳು.

"ಮೇಡಂ, ಮೊಬೈಲಿನ್ಯಾಗ ಒಂದು ವಿಡಿಯೋ ಐತ್ರಿ. ಅದನ್ನ ಅಳಿಸಿಕೊಡಬೇಕ್ರಿ" ಎಂದರು ಅವಳ ಅಪ್ಪ.

"ಅಷ್ಟೇನಾ? ಕೊಡ್ರಿ ಇಲ್ಲಿ. ಯಾವ ಮೊಬೈಲಿನ್ಯಾಗ?"

"ಎಲ್ಲಾ ಮೊಬೈಲಿನ್ಯಾಗ್ರಿ."

ನಮ್ಮ ಕಡೆ ಅರಿಶಿಣ ಹಚ್ಚುವ ದಿನ ಹೆಂಗಸರು ಕೂಡಿ ಬೀಗರನ್ನು ಹಂಗಿಸಿ ಹಾಡುವುದು ರೂಢಿ. ಬೀಗಿತ್ತಿಯ ಮೂಗು, ಬೀಗರ ಹೊಟ್ಟೆ, ಮದುಮಗನ ಕಿವಿ, ಯಾವುದನ್ನೂ ಬಿಡುವುದಿಲ್ಲ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಅಲ್ಲಿ ಆಡಿದ್ದನ್ನು ಹೊರಗೆ ಯಾರೂ ಎತ್ತುವುದೂ ಇಲ್ಲ. ಗಂಡಿನ ಮನೆಯ ಹೆಂಗಸರೂ ಅದೇ ಹೊತ್ತಿಗೆ ತಮ್ಮ ಪಡಸಾಲೆಯಲ್ಲಿ ಕೂತು ನಮ್ಮನ್ನು ಹರಾಜು ಹಾಕುತ್ತಿರುತ್ತಾರೆ, ಲೆಕ್ಕ ಚುಕ್ತಾ. ಆ ದಿನ ನಮ್ಮ ಹುಡುಗಿ ಹಾಡಿನ ಜೊತೆಗೆ ಆಟವನ್ನೂ ಆಡಿದ್ದಳು. ಅವಳ ಚಿಕ್ಕಪ್ಪನ ಮಗಳು ಅದನ್ನು ಹೊಸ ಮೊಬೈಲಿನಲ್ಲಿ ಹಿಡಿದಿದ್ದಳು.

ಅಪ್ಪ ಹೊರಗೆ ಹೋಗಿ ನಿಂತರು. ಹುಡುಗಿ ತನ್ನ ಫೋನಿನಲ್ಲಿ ನನಗೆ ಅದನ್ನು ತೋರಿಸಿದಳು. ಮುಖ ಕೈಗೆಲ್ಲ ಅರಿಶಿಣ, ಎಣ್ಣೆನೀರಿನಲ್ಲಿ ನೆಂದ ಸೀರೆ ಮೈಗಂಟಿದೆ, ತಲೆಗೆ ಟವಲು. ಒಂದು ಕಿವಿಗೆ ಸೋಪಿನ ಡಬ್ಬಿ, ಇನ್ನೊಂದಕ್ಕೆ ತಂಬಿಗೆ. ಎರಡು ಫೋನು ಹಿಡಿದ ಮಾವ ಆಗಿದ್ದಾಳೆ. ಸೋಪಿನ ಡಬ್ಬಿಯಲ್ಲಿ ಡ್ರೈವರನಿಗೆ "ಎಲ್ಲಿ ಸತ್ತಿಯಲೇ? ಲೋಡ್ ಆತಾ? ಆತಾ ಇಲ್ಲಾ ಅಷ್ಟ ಬೊಗಳು!" ಎಂದು ಒದರುತ್ತಾಳೆ. ತಂಬಿಗೆಯಲ್ಲಿ, ಅದಿರು ಇಳಿಸಿಕೊಳ್ಳುವ ಬಂದರಿನ ಏಜೆಂಟನಿಗೆ ತೆಲುಗಿನಲ್ಲಿ "ಏಮಂಡಿ, ಬಾಗುನ್ನಾರಾ?" ಎಂದು ಬೆಣ್ಣೆ ಹಚ್ಚುತ್ತಾಳೆ. ಕೊನೆಗೆ ಗಡಿಬಿಡಿಯಲ್ಲಿ ಡಬ್ಬಿ ತಂಬಿಗೆ ಅದಲು ಬದಲಾಗಿ, ಬೈಗುಳ ಏಜೆಂಟನಿಗೆ ಹೋಗಿ, ಬೆಣ್ಣೆ ಡ್ರೈವರನಿಗೆ ಹೋಗುತ್ತದೆ. ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕುಬಿಟ್ಟೆ. ಹುಡುಗಿ ನಗಲಿಲ್ಲ.

ಮಾವ ಸಿರುಗುಪ್ಪದವರು. ಮೊದಲು ಅಲ್ಲೇ ಹತ್ತಿರದ ಕರೂರಿನ ಕಡೆಯಿಂದ ಅಕ್ಕಿ ಮಿಲ್ಲಿಗೆ ಭತ್ತ ಹೊಡೆಯುವ ಒಂದು ಲಾರಿ ಇತ್ತಂತೆ. ಅದಿರಿನ ಕಾಲ ಬಂತು, ಲಾರಿಗಳು ಸಾಲಾದವು, ಮನೆ ಮೇಲೆ ಮನೆ ಎದ್ದಿತು, ದನಿಯೂ ಎತ್ತರವಾಯಿತು. ಈಗ ಅವರದೇ ಡ್ರೈವರುಗಳ ಫೋನಿನಲ್ಲಿ ಈ ವಿಡಿಯೋ ಓಡಾಡುತ್ತಿತ್ತು. ಯಾರೋ ಪುಣ್ಯಾತ್ಮ "ಎಲ್ಲಿ ಸತ್ತಿಯಲೇ" ಅನ್ನುವಷ್ಟನ್ನೇ ಕತ್ತರಿಸಿ ರಿಂಗ್‌ಟೋನ್ ಮಾಡಿದ್ದ. ಧಣಿ ಫೋನ್ ಮಾಡಿದರೆ ಮಾತ್ರ ಅದು ಹೊಡೆದುಕೊಳ್ಳುವ ಹಾಗೆ ಡ್ರೈವರುಗಳು ಇಟ್ಟುಕೊಂಡಿದ್ದರು. ಒಂದು ದಿನ ಮಾವ ತಮ್ಮ ಮನೆಯ ಅಂಗಳದಲ್ಲೇ ನಿಂತು ಒಬ್ಬ ಡ್ರೈವರನಿಗೆ ಫೋನ್ ಹಚ್ಚಿದ್ದಾರೆ. ಅವನು ಲಾರಿಯ ಹಿಂದೆಯೇ ಇದ್ದ. ಅವನ ಜೇಬಿನಿಂದ ಸೊಸೆಯ ದನಿ ಅವರ ಬೈಗುಳವನ್ನೇ ಬೈದಿದೆ. ಮರುದಿನ ಹುಡುಗಿ ತವರಿಗೆ ಬಂದಳು.

"ಅದು ಊರಿನ್ಯಾಗಿಂದ ಅಳಿಸಿಹೋಗೋತನಕ ಈ ಮನಿ ಹೊಸ್ತಿಲ ತುಳಿಯೋದು ಬ್ಯಾಡ ಅಂದಾರ" ಎಂದಳು ಹುಡುಗಿ. "ಅಳಿಸಿದ್ರ ಕರ್ಕೊಂಡು ಹೋಗ್ತಾರಂತ್ರಿ, ಮೇಡಂ. ನೀವು ಮನಸು ಮಾಡಿದ್ರ ಆಗ್ತೈತಿ."

ಪೊಲೀಸ್ ಠಾಣೆಗೆ ಹೋಗೋಣವೆಂದು ನಾನೇ ಹೇಳಿದೆ. ಅಪ್ಪ ಹೊರಗಿನಿಂದಲೇ ಕೈಮುಗಿದರು. "ಬ್ಯಾಡ್ರಿ, ಅಲ್ಲಿ ಇನ್ನಷ್ಟು ಮಂದಿ ನೋಡ್ತಾರ್ರಿ." ಸರಿ, ತಲೆಯಿಂದ ಹಿಡಿದು ಬಾಲದತನಕ ಹೋಗೋಣ ಎಂದುಕೊಂಡು ಸೀದಾ ಹುಡುಗಿಯ ಚಿಕ್ಕಪ್ಪನ ಮಗಳ ಮನೆಗೆ ಹೊರಟೆ.

ಅವಳು ಅಳುತ್ತಲೇ ಬಾಗಿಲು ತೆಗೆದಳು. "ದೇವರಾಣಿಗೂ ನಾನು ಯಾರಿಗೂ ಕಳಿಸಿಲ್ರಿ ಅಕ್ಕಾ! ಮದುವಿ ಆದ ವಾರದಾಗ ಅಳಿಸಿಬಿಟ್ಟೀನಿ." ಅವಳ ಮಾತು ನಿಜವೇ. ಆದರೆ ಅಳಿಸುವ ಮೊದಲು ಅವಳ ಗಂಡ ಆ ಫೋನಿನ ಮೆಮೊರಿ ಕಾರ್ಡನ್ನು ಹಾಡು ತುಂಬಿಸಲು ಅಂಗಡಿಗೆ ಕೊಟ್ಟಿದ್ದ.

ಆಗ ಮನೆಮನೆಗೆ ಇಂಟರ್ನೆಟ್ ಎಲ್ಲಿತ್ತು? ಹಾಡು ಬೇಕಾದವರು ಕಾರ್ಡ್ ಕೊಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ಅಂಗಡಿಯವನು ಕಂಪ್ಯೂಟರಿನಿಂದ ತುಂಬಿಸಿ ಇಡುತ್ತಿದ್ದ. ಬಂದ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ವೈರಸ್ ಹತ್ತಿರುತ್ತಿತ್ತು. ಹಾಗಾಗಿ ಮೊದಲು ಕಾರ್ಡಿನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಎತ್ತಿಕೊಂಡು, ಕಾರ್ಡನ್ನು ಪೂರ್ತಿ ತೊಳೆದು, ಹಾಡು ಹಾಕಿ, ಮನೆಯವರ ಫೋಟೋಗಳನ್ನು ವಾಪಸು ಇಡುವುದು ಅಂಗಡಿಗಳ ಪದ್ಧತಿ. ಫೋಟೋ ಹೋಯಿತೆಂದು ಗಿರಾಕಿ ಜಗಳಕ್ಕೆ ಬರಬಾರದಲ್ಲ! ಕಳ್ಳತನಕ್ಕಲ್ಲ, ಜಾಗ್ರತೆಗೆ ಮಾಡುತ್ತಿದ್ದ ಕೆಲಸ ಅದು. ಎತ್ತಿಕೊಂಡದ್ದನ್ನು ಕಂಪ್ಯೂಟರಿನಿಂದ ತೆಗೆಯಬೇಕು ಎಂಬುದಷ್ಟೇ ಯಾರಿಗೂ ಹೊಳೆದಿರಲಿಲ್ಲ.

ಕುರುಗೋಡಿನ ಆ ಅಂಗಡಿಯವನು ನನ್ನನ್ನು ನೋಡಿ ಖುಷಿಯಿಂದಲೇ ಸ್ಟೂಲು ಎಳೆದ. ವಿಡಿಯೋ ಅವನ ಕಾಮಿಡಿ ಫೋಲ್ಡರಿನಲ್ಲಿ ಕೂತಿತ್ತು.

"ಮಂದಿ ಮನಿ ಅರಿಶಿಣದ್ದು ನಿನ್ನ ಕಂಪ್ಯೂಟರಿನ್ಯಾಗ ಯಾಕೈತಪ್ಪಾ?" ಎಂದೆ.

"ಚೊಲೋ ಐತಲ್ರಿ ಮೇಡಂ! ನಕ್ಕು ನಕ್ಕು ಸಾಕಾತು. ಅದಕ್ಕ ಇಟ್ಟೆ. ಆ ಅಕ್ಕಾರು ಯಾರಂತ ನನಗೇನ್ ಗೊತ್ತು?"

"ಗೊತ್ತಿಲ್ಲದವರದಾದ್ರ ಇಟ್ಕೋಬೌದೇನು?"

ಅವನು ನಿಜವಾಗಿಯೂ ಯೋಚನೆಗೆ ಬಿದ್ದ. ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಶಾಲೆಯಲ್ಲೂ ಇಲ್ಲ, ಕಂಪ್ಯೂಟರ್ ಕೊಟ್ಟವನೂ ಇಲ್ಲ. ಅಲ್ಲೇ ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಆಮೇಲೆ ತಲೆ ಕೆರೆದುಕೊಂಡು, ತಿಂಗಳಿಗೊಮ್ಮೆ ಹೊಸ ಹಾಡಿಗಾಗಿ ತನ್ನ ಹಾರ್ಡ್‌ಡಿಸ್ಕನ್ನು ಬಳ್ಳಾರಿಯ ದೊಡ್ಡ ಅಂಗಡಿಗೆ ಒಯ್ಯುವುದಾಗಿಯೂ, ಅವರು ತಮ್ಮದನ್ನು ಇವನಿಗೆ ಹಾಕಿ ಇವನದನ್ನು ತಾವು ಹಾಕಿಕೊಳ್ಳುವುದಾಗಿಯೂ ಹೇಳಿದ. ಸುತ್ತಲಿನ ಊರುಗಳ ಅಂಗಡಿಗಳೆಲ್ಲ ಹಾಗೇ ಮಾಡುತ್ತವಂತೆ. ಆ ಸಂಜೆಯೇ ಬಳ್ಳಾರಿಯ ಅಂಗಡಿಗೆ ಹೋದೆ.

ಬಳ್ಳಾರಿಯ ಆ ಅಂಗಡಿಯ ಮಾಲೀಕರು ವಯಸ್ಸಾದ ಮುಸ್ಲಿಂ ವ್ಯಾಪಾರಿ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಮಕ್ಕಳ ಮಾತಿಗೆ ಮೊಬೈಲಿಗೆ ತಿರುಗಿದ್ದರು. ನಾನು ವಿಷಯ ಹೇಳುತ್ತಿದ್ದಂತೆ ಮುಖ ಸಣ್ಣದು ಮಾಡಿಕೊಂಡರು. "ಬೇಟಿ, ಹೆಣ್ಣುಮಗಳ ಇಜ್ಜತ್ ಅಂದ್ರ ನಮ್ಮ ಮನಿದ ಇದ್ದಂಗ. ಕುಂದರು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹುಡುಕು" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಹೆಸರು ಹಾಕಿ ಹುಡುಕಿದೆ. ಪರದೆಯ ಮೂಲೆಯಲ್ಲಿ, ಆಗಿನ ಕಂಪ್ಯೂಟರುಗಳಲ್ಲಿ ಇರುತ್ತಿದ್ದ ಹುಡುಕಾಟದ ಕಾರ್ಟೂನ್ ನಾಯಿ ಬಾಲ ಅಲ್ಲಾಡಿಸುತ್ತಾ ಕೂತಿತು, ಏನೂ ಸಿಗಲಿಲ್ಲ. ಫೈಲಿನ ಹೆಸರನ್ನು ಯಾರೋ ಬದಲಿಸಿದ್ದರು. ಹೆಸರು ಬದಲಾದರೂ ತೂಕ ಬದಲಾಗುವುದಿಲ್ಲ ಎಂದು ಸೈಜು ಹಾಕಿ ಹುಡುಕಿದೆ. ಸಿಕ್ಕಿತು, ಬೇರೆ ಬೇರೆ ಫೋಲ್ಡರುಗಳಲ್ಲಿ. ಒಂದು ಕಡೆ ಅದಕ್ಕಿಟ್ಟಿದ್ದ ಹೆಸರನ್ನು ಇಲ್ಲಿ ಬರೆಯಲಾರೆ. ನೆಂದ ಸೀರೆಯನ್ನಷ್ಟೇ ಕಂಡ ಯಾವನೋ ಇಟ್ಟ ಹೆಸರು. ಅರಿಶಿಣದ ನೀರಿನಲ್ಲಿ ನೆನೆದು ತನ್ನ ಮನೆಯಲ್ಲಿ ತನ್ನವರ ಜೊತೆ ನಕ್ಕ ಹುಡುಗಿಗೆ ಅಂಥ ಹೆಸರು! ಮಾಲೀಕರಿಗೆ ಕಾಣದಂತೆ ಮೊದಲು ಅದನ್ನೇ ಅಳಿಸಿದೆ.

ಎಲ್ಲ ಮುಗಿಯಿತೆಂದು ಎದ್ದಾಗ ಅವರ ಮಗ ಬಂದು, ಚೈನಾ ಸೆಟ್ಟುಗಳಲ್ಲಿ ಓಡಲೆಂದು ಎಲ್ಲ ವಿಡಿಯೋಗಳನ್ನೂ ಬೇರೆ ಬೇರೆ ನಮೂನೆಗೆ ತಿರುಗಿಸಿ ಇಟ್ಟಿರುತ್ತೇವೆ ಎಂದ. ತಿರುಗಿಸಿದರೆ ಸೈಜೂ ಬೇರೆ. ಹೆಸರಿಲ್ಲ, ತೂಕವೂ ಇಲ್ಲ. ಇನ್ನು ಕಣ್ಣಿನಿಂದಲೇ ಹುಡುಕಬೇಕು. ಒಂದೊಂದು ಫೋಲ್ಡರ್ ತೆರೆದು, ಚಿಕ್ಕ ಚಿಕ್ಕ ಚಿತ್ರಗಳ ಸಾಲಿನಲ್ಲಿ ಅರಿಶಿಣದ ಮುಖಕ್ಕಾಗಿ ಕಣ್ಣಾಡಿಸುತ್ತಾ ಹೋದೆ. ಆ ಸಾಲಿನಲ್ಲಿ ಇನ್ನೂ ಯಾರು ಯಾರೋ ಇದ್ದರು. ಯಾರದೋ ಸೀಮಂತ, ಯಾರದೋ ಬಾಣಂತಿ ಕೋಣೆ, ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಯಾರದೋ ತಾಯಿ. ಇವರಿಗೆಲ್ಲ ತಾವು ಇಲ್ಲಿದ್ದೇವೆಂದು ಗೊತ್ತೇ ಇಲ್ಲ. ನಾನು ಒಬ್ಬಳನ್ನು ಎತ್ತಲು ಬಂದವಳು, ಉಳಿದವರನ್ನು ಅಲ್ಲೇ ಬಿಟ್ಟು ಮುಂದೆ ಮುಂದೆ ಹೋದೆ.

ನನ್ನ ಮನೆ ಇದ್ದದ್ದು ಬಳ್ಳಾರಿಯಲ್ಲೇ. ಕುರುಗೋಡಿನ ಪಾಠ ಮುಗಿಸಿ ಬಂದು, ದಿನಾ ಸಂಜೆ ಬಳ್ಳಾರಿಯ ಅಂಗಡಿಗಳನ್ನು ಸುತ್ತಿದೆ. ಆ ಹಿರಿಯರು ಪುಣ್ಯಾತ್ಮರು, ತಾವೇ ಫೋನ್ ಮಾಡಿ ತಮ್ಮಲ್ಲಿಗೆ ಬರುವ ಎಲ್ಲ ಅಂಗಡಿಯವರಿಗೂ, "ಅರಿಶಿಣ ಹಚ್ಚಿದ ಹುಡುಗಿದು ಒಂದು ವಿಡಿಯೋ ಐತಿ, ಇದ್ರ ತೆಗೀರಿ, ಯಾರಿಗೂ ಹಾಕಿಕೊಡಬ್ಯಾಡ್ರಿ" ಎಂದು ತಾಕೀತು ಮಾಡಿದರು. ನನಗೆ ಆನೆ ಬಲ ಬಂದಂತಾಯಿತು. ಹುಡುಗಿಗೆ ಫೋನ್ ಮಾಡಿ ಧೈರ್ಯ ಹೇಳಿದೆ. ಇನ್ನೇನು, ಗಂಡನ ಮನೆಗೆ ಹೊರಡಲು ಸೀರೆ ಮಡಚಿಡು ಎಂದೆ.

ಒಂದು ಬೆಳಿಗ್ಗೆ ಕುರುಗೋಡಿನ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕಾಲೇಜಿನವರು ಇಬ್ಬರು ಮಾತಾಡುತ್ತಿದ್ದರು.

"ಅದು ಐತೇನಲೇ ನಿನ್ನ ಹತ್ರ? ಮೇಡಂ ಡಿಲೀಟ್ ಮಾಡಿಸಿದ್ದು?"

"ಯಾವುದಲೇ?"

"ಅಯ್ಯ, ಅರಿಶಿಣದ್ದು. ಅಂಗಡಿಯಾಗ ಕೇಳಿದ್ರ ಇಲ್ಲ ಅಂತಾರ. ಭಾಳ ಏನೋ ಇರಬೇಕು ಅದರಾಗ, ಅದಕ್ಕ ತೆಗಸ್ಯಾರ. ನನ್ನ ಹತ್ರ ಐತಿ, ಬ್ಲೂಟೂತ್ ಹಚ್ಚು, ಕಳಿಸ್ತೀನಿ."

ಹಿಂದೆ ತಿರುಗಿ ಕಪಾಳಕ್ಕೆ ಬಾರಿಸಬೇಕೆನಿಸಿತು. ತಿರುಗಲಿಲ್ಲ. ತಿರುಗಿದ್ದರೆ, ಇವರೇ ಆ ಮೇಡಂ ಎಂದು ಬಸ್ಸಿಗೆಲ್ಲ ಗೊತ್ತಾಗಿ, ಇನ್ನೂ ನಾಲ್ಕು ಜನ ಬ್ಲೂಟೂತ್ ಹಚ್ಚುತ್ತಿದ್ದರು. ಬರೀ ನಗೆಯ ವಿಡಿಯೋ ಆಗಿ ಒಂದಿಷ್ಟು ದಿನ ಓಡಾಡಿ ಸಾಯಬೇಕಾಗಿದ್ದದ್ದಕ್ಕೆ ನಾವೇ ಉಪ್ಪು ಖಾರ ಹಚ್ಚಿ ಜೀವ ಕೊಟ್ಟಿದ್ದೆವು. ಅದನ್ನು ಇನ್ನೂ ನೋಡದವರಿಗೂ ಈಗ ಅದು ಬೇಕಾಗಿತ್ತು. ಆ ದಿನ ಪಾಠ ಮಾಡಲು ನನ್ನಿಂದ ಆಗಲಿಲ್ಲ, ಹುಡುಗಿಯರಿಗೆ ಟೈಪಿಂಗ್ ಹಚ್ಚಿ ಸುಮ್ಮನೆ ಕೂತೆ.

ಇಷ್ಟರಲ್ಲಿ ಸಿರುಗುಪ್ಪದಿಂದ ಹೇಳಿಕಳಿಸಿದರು. ಲಾರಿಗಳು ಊರಲ್ಲಿ ನಿಂತಿವೆ, ಡ್ರೈವರುಗಳನ್ನೆಲ್ಲ ಅಂಗಳದಲ್ಲಿ ಕೂಡಿಸುತ್ತೇನೆ, ನಿಮ್ಮ ಟೀಚರಮ್ಮ ಬಂದು ಫೋನುಗಳನ್ನು ತೊಳೆದುಕೊಡಲಿ ಎಂದು ಮಾವ ಹೇಳಿದ್ದರು. ಹುಡುಗಿಯ ಅಪ್ಪನ ಕಣ್ಣಿನಲ್ಲಿ ಬೆಳಕು ಬಂತು. ಹುಡುಗಿಯನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೂ ಬಸ್ಸು ಹತ್ತಿದೆವು.

ಅಂಗಳದಲ್ಲಿ ಡ್ರೈವರುಗಳು, ಕ್ಲೀನರುಗಳು ಅಂಗಿಯೆಲ್ಲ ಕೆಂಪು ಧೂಳು ಮಾಡಿಕೊಂಡು ಸಾಲಾಗಿ ಕೂತಿದ್ದರು. ಮಾವ ಜಗಲಿಯ ಕುರ್ಚಿಯಲ್ಲಿ, ಎರಡೂ ಫೋನು ತೊಡೆಯ ಮೇಲೆ. ಪಕ್ಕದಲ್ಲಿ ಅವರ ಮಗ, ನಮ್ಮ ಹುಡುಗಿಯ ಗಂಡ, ನೆಲ ನೋಡುತ್ತಾ ನಿಂತಿದ್ದ. ನಾನು ಒಂದೊಂದೇ ಫೋನು ತೆಗೆದುಕೊಂಡು, ಗ್ಯಾಲರಿ, ಕಾರ್ಡು, ಬ್ಲೂಟೂತಿನಲ್ಲಿ ಬಂದದ್ದು, ರಿಂಗ್‌ಟೋನು ಎಲ್ಲ ನೋಡಿ ಅಳಿಸಿ ವಾಪಸು ಕೊಟ್ಟೆ. ಕೆಲವು ಸೆಟ್ಟುಗಳ ಮೆನು ಚೀನೀ ಭಾಷೆಯಲ್ಲೇ ಇತ್ತು, ಚಿತ್ರ ನೋಡಿ ಊಹೆಯ ಮೇಲೆ ಒತ್ತಿದೆ. ಅವರು ಸಾಧುಗಳ ಹಾಗೆ ಕೊಟ್ಟು, ಸಾಧುಗಳ ಹಾಗೆ ತೆಗೆದುಕೊಂಡರು. ಒಬ್ಬೊಬ್ಬರ ಅಂಗಿ ಜೇಬಿನಲ್ಲೂ ಗುಟ್ಕಾ ಚೀಟಿಯ ಜೊತೆ ಇನ್ನೊಂದು ಕಾರ್ಡು ಇರುತ್ತದೆಂದು ನನಗೆ ಗೊತ್ತಿಲ್ಲವೇ? ಜೇಬು ತಡಕುವುದಕ್ಕೆ ಆಗುತ್ತದೆಯೇ?

ಕೊನೆಯವನು ನಡುವಯಸ್ಸಿನ ಡ್ರೈವರ್. ಫೋನು ಕೊಡುತ್ತಾ ತಗ್ಗಿದ ದನಿಯಲ್ಲಿ ಹೇಳಿದ. "ಸುಮ್ನ ಕಷ್ಟ ಪಡಾಕತ್ತೀರಿ ತಂಗಿ. ಇದು ಆಗಲೇ ಬಂದರದಾಗ ಐತಿ. ಅಲ್ಲಿ ಎಲ್ಲಾ ಕಡಿ ಲಾರಿ ಬರ್ತಾವ. ದಿನಾ ಬೈಸ್ಕೊಳ್ಳೋ ಮಂದಿ ನಾವು. ನಮ್ಮ ಧಣಿನ್ನ ಒಬ್ಬಾಕಿ ಹಿಂಗ ಆಡಿಕೊಂಡಾಳಲ್ಲ ಅಂತ ಕೇಳಿದಾಗೊಮ್ಮೆ ಹೊಟ್ಟಿ ತಣ್ಣಗಾಗ್ತೈತಿ. ಯಾರೂ ಕೆಟ್ಟ ಮನಸಿಲೆ ಇಟ್ಕೊಂಡಿಲ್ಲ." ಅವನ ಮೇಲೆ ಸಿಟ್ಟು ಮಾಡಲೂ ನನಗೆ ಆಗಲಿಲ್ಲ.

ಕೈ ತೊಳೆಯಲು ಒಳಗೆ ಹೋದಾಗ ಅತ್ತೆ ನೀರು ಕೊಟ್ಟರು. ಸುತ್ತ ನೋಡಿ ಮೆಲ್ಲಗೆ, "ನಾವೂ ಹಾಡೀವ್ರಿ ಆ ದಿನ. ನಾನ ಕುರುಗೋಡಿನ ಬೀಗರನ್ನ ತಕ್ಕಡಿಗೆ ಕೂಡಿಸಿ ಹಾಡೀನಿ. ಪುಣ್ಯಾಕ ನಮ್ಮ ಹುಡುಗ್ಯಾರ ಕೈಯಾಗ ಫೋನ್ ಇರಲಿಲ್ಲ" ಎಂದರು. ಕಣ್ಣು ತುಂಬಿಕೊಂಡಿದ್ದರು.

"ಇದನ್ನ ಹೊರಗ ಬಂದು ಅವರ ಮುಂದ ಒಂದು ಮಾತು ಹೇಳ್ರಿ ಅವ್ವಾರೆ. ನಿಮ್ಮ ಕಾಲು ಹಿಡೀತೀನಿ."

"ಯವ್ವಾ, ನನಗ ಬೇಕಾಗಿಲ್ಲವ್ವ" ಎಂದು ಒಲೆಯ ಕಡೆ ತಿರುಗಿಬಿಟ್ಟರು.

ನಾನು ಜಗಲಿಗೆ ಬಂದೆ. ಮಾವ ನೇರವಾಗಿ ಕೇಳಿದರು. "ಏನ್ ಟೀಚರಮ್ಮ, ಪೂರ್ತಿ ಹೋತಾ? ನೀವು ಕಲಿತವರು. ನೀವು ಹೋತು ಅಂದ್ರ ನಾಳೆ ಬೆಳಿಗ್ಗೆ ಗಾಡಿ ಕಳಿಸ್ತೀನಿ, ಸೊಸಿ ಮನಿಗೆ ಬರ್ಲಿ."

ಹುಡುಗಿಯ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಹೋತು ಅನ್ರಿ, ಹೋತು ಅನ್ರಿ ಎಂದು ಅವರ ತುಟಿಗಳು ಅಲ್ಲಾಡುತ್ತಿದ್ದವು. ಎರಡಕ್ಷರ ಸಾಕಾಗಿತ್ತು. ಅಂದುಬಿಟ್ಟರೆ ನಾಳೆ ಗಾಡಿ ಬರುತ್ತದೆ. ನಾಡಿದ್ದು ಯಾವುದೋ ಡಾಬಾದಲ್ಲಿ ಯಾವನೋ ಅದನ್ನು ಹಚ್ಚುತ್ತಾನೆ, ಇವರ ಕಿವಿಗೆ ಬೀಳುತ್ತದೆ. ಆಗ ವಿಡಿಯೋದ ಜೊತೆಗೆ ಸುಳ್ಳು ಹೇಳಿಸಿದ ಅಪವಾದವೂ ಅವಳ ತಲೆಗೇ ಕಟ್ಟುತ್ತದೆ. ಆ ಸಲ ತವರಿಗೆ ಕಳಿಸಿ ಅಷ್ಟಕ್ಕೇ ಬಿಡುತ್ತಾರೋ ಇಲ್ಲವೋ. ನಾನು ನಿಜವನ್ನೇ ಹೇಳುವುದೆಂದು ನಿಶ್ಚಯ ಮಾಡಿದೆ.

"ಸಾವ್ಕಾರ್ರೆ, ಹೋಗಿಲ್ರಿ. ಹೋಗೋದೂ ಇಲ್ಲ. ನಾನಲ್ಲ, ಯಾರು ಬಂದ್ರೂ ಇದನ್ನ ಪೂರ್ತಿ ಅಳಸಾಕ ಆಗಂಗಿಲ್ಲ. ಇದಕ್ಕ ಇರೋದು ಒಂದ ಮದ್ದು. ನೀವು ನಕ್ಕುಬಿಡಬೇಕು. ನನ್ನ ಸೊಸಿ ನನ್ನಂಗ ಮಾಡ್ತಾಳ ನೋಡ್ರಲೇ ಅಂತ ಈ ಅಂಗಳದಾಗ ನೀವ ಒಮ್ಮೆ ಹಚ್ಚಿ ನಕ್ರ, ನಾಳಿಂದ ಯಾರಿಗೂ ಅದು ಬ್ಯಾಡಾಗ್ತೈತಿ."

ಒಂದು ಕ್ಷಣ ಮಾವನ ಮೀಸೆಯ ಕೆಳಗೆ ಏನೋ ಸಡಿಲವಾದಂತೆ ಕಂಡಿತು. ನಕ್ಕೇಬಿಟ್ಟರು ಎಂದುಕೊಂಡೆ. ಆಮೇಲೆ ಅವರು ಡ್ರೈವರುಗಳ ಸಾಲನ್ನು ನೋಡಿದರು. ಆ ಸಾಲಿನ ಕಣ್ಣುಗಳೆಲ್ಲ ಮಾವನ ಮುಖದ ಮೇಲೇ ಇದ್ದವು.

"ಬೀಗರೆ, ನಿಮ್ಮ ಮಗಳು ನಿಮ್ಮ ಮನಿಯಾಗ ಇರ್ಲಿ" ಎಂದು ಎದ್ದು ಒಳಗೆ ಹೋದರು. ಮಗ ಒಂದು ಸಲ ತಲೆ ಎತ್ತಿ ನಮ್ಮನ್ನು ನೋಡಿದ, ಅಪ್ಪನ ಹಿಂದೆ ಹೋದ. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯ ಅಪ್ಪ ನನ್ನನ್ನು ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತರು. ಅವರು ಮಾಡಿದ್ದು ತಪ್ಪಲ್ಲ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಈಗಲೂ ನನಗೆ ತೀರ್ಮಾನಕ್ಕೆ ಬರಲು ಆಗಿಲ್ಲ.

ಸ್ವಲ್ಪ ದಿನಗಳಾದ ಮೇಲೆ ಹುಡುಗಿ ಒಬ್ಬಳೇ ಕೇಂದ್ರಕ್ಕೆ ಬಂದಳು. ಅವಳನ್ನು ಆಂಧ್ರದ ಕಡೆ ಇರುವ ಸೋದರಮಾವನ ಮನೆಗೆ ಕಳಿಸುತ್ತಿದ್ದರು. "ಅಲ್ಲಿ ಯಾರರ ಕೇಳಿದ್ರ ನನಗ ಮೊಬೈಲ್, ಕಂಪ್ಯೂಟರ್ ಮುಟ್ಟಾಕೂ ಬರಂಗಿಲ್ಲ ಅಂತ ಹೇಳಬೇಕಂತ್ರಿ" ಎಂದಳು. ಅದನ್ನು ಹೇಳಿದ ಸೋದರಮಾವನ ದನಿಯನ್ನು ಮೊದಲಾಗಿದ್ದರೆ ತಾನೇ ಮಾಡಿ ತೋರಿಸುತ್ತಿದ್ದಳು. ಈಗ ಬರೀ ಮಾತು ಒಪ್ಪಿಸಿದಳು.

"ಮೇಡಂ, ಈ ಕಂಪ್ಯೂಟರಿನ್ಯಾಗ ನನ್ನ ಹೆಸರಿನ ಫೋಲ್ಡರ್ ಐತಲ್ರಿ. ಅದನ್ನೂ ತೆಗೆದುಬಿಡ್ರಿ. ನನ್ನ ಹೆಸರು ಎಲ್ಲೂ ಬ್ಯಾಡ."

"ಅದು ನೀ ಕಲಿತದ್ದು ಅಲ್ಲೇನವ್ವಾ. ಅದನ್ಯಾಕ ತೆಗೀಲಿ? ಇರ್ಲಿ ಬಿಡು."

"ಬ್ಯಾಡ್ರಿ. ತೆಗೀರಿ."

ತೆರೆದೆ. ಅವಳು ಮೊದಲ ಸಲ ಕನ್ನಡದಲ್ಲಿ ಟೈಪು ಮಾಡಿದ ಪುಟ, ಅಪ್ಪನ ಅಂಗಡಿಗೆ ತಾನೇ ಹೂ ಬಿಡಿಸಿ ಮಾಡಿದ ಬೋರ್ಡಿನ ನಮೂನೆ, ಪರೀಕ್ಷೆಗೆಂದು ಅರ್ಧ ಮಾಡಿಟ್ಟ ಕೆಲಸ. ಬೇರೆ ಕಂಪ್ಯೂಟರುಗಳಲ್ಲೂ ಒಂದು ಸಲ ಹುಡುಕಿ ನೋಡಿದೆ. ಎಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಅದನ್ನು ಯಾರೂ ಕಾಪಿ ಮಾಡಿಕೊಂಡಿರಲಿಲ್ಲ. ಅಳಿಸುವುದು ಖಚಿತವೇ ಎಂದು ಕಂಪ್ಯೂಟರ್ ಕೇಳಿತು, ಹೌದು ಎಂದು ಒತ್ತಿದೆ.

"ಹೋತೇನ್ರಿ?"

"ಹೂಂ ಅವ್ವ, ಹೋತು."

"ಪೂರ್ತಿ?"

"ಪೂರ್ತಿ ಹೋತು" ಎಂದೆ. ಅವಳು ಸೆರಗು ಸರಿ ಮಾಡಿಕೊಂಡು, ನನಗೆ ಕೈಮುಗಿದು, ಮೆಟ್ಟಿಲಿಳಿದು ಹೋದಳು.